ಬಿಸಿಲು ತಿಂದ ಬಣ್ಣ

ಹಳೆಯ ಫಿಯಟ್ ಕಾರಿನ ಒಳಬಣ್ಣ ನಿಜವಾಗಿ ಯಾವುದೆಂದು ತಿಳಿಯಬೇಕಾದರೆ ಬಾಗಿಲಿನ ಗಾಜು ಇಳಿಸುವ ಹ್ಯಾಂಡಲ್ ಬಿಚ್ಚಬೇಕು. ಅದರ ಹಿಂದಿನ ಬಿಲ್ಲೆಯಗಲದ ಜಾಗದಲ್ಲಿ ರೆಕ್ಸಿನ್ ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸುತ್ತಲಿನ ಬಾಗಿಲೆಲ್ಲ ಮಾಸಿದ ತಿಳಿನೀಲಿ, ಬಿಲ್ಲೆಯ ಜಾಗ ಮಾತ್ರ ಕಣ್ಣಿಗೆ ಹೊಡೆಯುವ ನೀಲಿ. ಇವೆರಡೂ ಒಂದೇ ಹಾಸಿನಿಂದ ಕತ್ತರಿಸಿದ್ದು ಎಂದರೆ ನಂಬುವುದು ಕಷ್ಟ. ಆಶ್‌ಟ್ರೇ ಎಳೆದು ತೆಗೆದರೆ ಅದರ ಗೂಡಿನ ಅಂಚಿನಲ್ಲಿ, ಸನ್ ವೈಸರ್ ಬುಡದಲ್ಲಿ, ಸೀಟು ಮತ್ತು ಒರಗು ಸೇರುವ ಮಡಿಕೆಯ ಒಳಗೆ ಕೂಡ ಇಂಥ ಬಚ್ಚಿಟ್ಟ ಬಣ್ಣ ಸಿಗುತ್ತದೆ. ಕೆಲಸ ಬಲ್ಲವರು ಮೊದಲು ಕೈಹಾಕುವುದು ಈ ಜಾಗಗಳಿಗೇ.

ಹೀಗಾಗಿ ಹಳೆಯ ಕಾರಿನೊಳಗೆ ಎರಡು ಬಣ್ಣ ಇರುತ್ತವೆ. ಕಾರ್ಖಾನೆ ಕೊಟ್ಟದ್ದು ಒಂದು. ಬಿಸಿಲು, ಧೂಳು, ಬೆವರು, ತಲೆಗೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆ ಎಲ್ಲ ಸೇರಿ ವರ್ಷಗಟ್ಟಲೆ ಮಾಡಿದ್ದು ಇನ್ನೊಂದು. ಡೋರ್ ಪ್ಯಾಡ್ ಹರಿದಾಗ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಬಣ್ಣ ಎದ್ದಾಗ, ಇವೆರಡರಲ್ಲಿ ಯಾವುದಕ್ಕೆ ಹೊಂದಿಸುವುದು? ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯೊಂದರಲ್ಲಿ ನಮ್ಮಪ್ಪನ ಫಿಯಟ್ಟಿಗೆ ಕೆಲಸ ಮಾಡುತ್ತಿದ್ದ ಪೇಂಟರ್ ಭಾಯ್, ಕಾರು ಬಂದು ನಿಂತ ಕೂಡಲೇ ಕೇಳುತ್ತಿದ್ದದ್ದು ಇದನ್ನೇ: “ಸಾರ್, ಕಂಪನಿ ಬಣ್ಣ ಬೇಕಾ, ನಿಮ್ ಬಣ್ಣ ಬೇಕಾ?”

“ನಮ್ದೇ ಇರ್ಲಿ ಭಾಯ್,” ಅನ್ನುತ್ತಿದ್ದರು ಅಪ್ಪ. ಕಂಪನಿ ಬಣ್ಣ ಹಾಕಿದರೆ ಒಂದು ಬಾಗಿಲಿಗೆ ನಿಲ್ಲುವುದಿಲ್ಲ, ಒಳಗೆಲ್ಲ ಹಾಕಿಸಬೇಕಾಗುತ್ತದೆ, ದುಡ್ಡು ಜಾಸ್ತಿ ಎಂಬ ಲೆಕ್ಕವೂ ಅದರಲ್ಲಿತ್ತು. ಆದರೆ ಅಷ್ಟೇ ಆಗಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಆ ಪ್ರಶ್ನೆಯನ್ನು ಕೇಳುವವರು ಈಗ ಬೆಂಗಳೂರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಉತ್ತರ ಕೊಡಬಲ್ಲ ಗಿರಾಕಿಗಳು ಅದಕ್ಕಿಂತ ಕಡಿಮೆ.

ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್ ಕಡೆಗೆ ಹೋಗುವ ಜೆ.ಸಿ. ರಸ್ತೆಯನ್ನು ಹೊರಗಿನವರು ಬಿಡಿಭಾಗಗಳ ಬೀದಿ ಎಂದೇ ಗುರುತಿಸುತ್ತಾರೆ. ಒಂದು ಪಕ್ಕ ರವೀಂದ್ರ ಕಲಾಕ್ಷೇತ್ರ, ಸಂಜೆ ನಾಟಕ. ಇನ್ನೊಂದು ಪಕ್ಕ ಬೇರಿಂಗು, ಬ್ರೇಕ್ ಶೂ, ಹೆಡ್‌ಲೈಟು, ಹಾರನ್ನು. ಅಂಗಡಿಗಳ ಹಿಂದಿನ ಗಲ್ಲಿಗಳಲ್ಲಿ ಕುಶನ್ ಅಂಗಡಿಗಳು. ಗೋಡೆಗೆ ಒರಗಿಸಿಟ್ಟ ರೆಕ್ಸಿನ್ ಸುರುಳಿಗಳು, ಕಿತ್ತು ಹಾಕಿದ ತೆಂಗಿನ ನಾರಿನ ಮೆತ್ತೆಗಳು, ಹೊಲಿಗೆ ಮಿಷನ್ನಿನ ಸದ್ದಿನ ನಡುವೆ ಆಗಾಗ ಹೊಡೆದುಕೊಳ್ಳುವ ಕಂಪ್ರೆಸರ್, ಎಲ್ಲದರ ಮೇಲೆ ಥಿನ್ನರ್ ವಾಸನೆ. ಸೀಟು ಹೊಲಿಯುವವರು, ಟಾಪ್ ಲೈನಿಂಗ್ ಎಳೆಯುವವರು, ಬೀಡಿಂಗ್ ಕೂರಿಸುವವರು ಬೇರೆ ಬೇರೆ. ಒಳಬಣ್ಣ ಹೊಂದಿಸುವವರು ಅವರೆಲ್ಲರ ಮಧ್ಯೆ ಒಬ್ಬರೋ ಇಬ್ಬರೋ. ಬೋರ್ಡಿನಲ್ಲಿ ಅವರ ಹೆಸರಿರುವುದಿಲ್ಲ. ಕುಶನ್ ಅಂಗಡಿಯವರು “ಮ್ಯಾಚಿಂಗ್‌ಗೆ ಭಾಯ್ ಬರ್ಬೇಕು ಸಾರ್, ಮಧ್ಯಾಹ್ನ ಬನ್ನಿ” ಅಂದರೆ ಅದೇ ಅವರ ವಿಳಾಸ.

ಭಾಯ್ ಹತ್ತಿರ ಶೇಡ್ ಕಾರ್ಡ್ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ನಮ್ಮ ದೇಶದ ರಸ್ತೆಗಳಲ್ಲಿ ಆಗ ಓಡುತ್ತಿದ್ದ ಕಾರುಗಳೇ ಎಷ್ಟು? ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕಟ್ಟುತ್ತಿದ್ದ ಫಿಯಟ್. ಅದೇ ಗಾಡಿ 1970ರ ದಶಕದಲ್ಲಿ ಪ್ರೆಸಿಡೆಂಟ್ ಆಗಿ, ಆಮೇಲೆ ಪದ್ಮಿನಿ ಆಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಬಂಗಾಳದ ಉತ್ತರಪಾಡಾದಲ್ಲಿ ಹುಟ್ಟಿದ ಅಂಬಾಸಿಡರ್. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ಬರುವ ತನಕ ಮಧ್ಯಮವರ್ಗದ ಪ್ರಪಂಚ ಬಹುಮಟ್ಟಿಗೆ ಇಷ್ಟೇ. ಅಂಬಾಸಿಡರಂತೂ ಮುಖ ಮೂತಿ ಸ್ವಲ್ಪ ತಿದ್ದಿಕೊಳ್ಳುತ್ತ 2014ರವರೆಗೆ ತಯಾರಾಯಿತು. ಲೈಸೆನ್ಸ್ ರಾಜ್ಯವನ್ನು ನಾವು ಬೈಯುವುದು ಸರಿಯೇ, ಒಂದು ಸ್ಕೂಟರಿಗೆ ವರ್ಷಗಟ್ಟಲೆ ಕಾದ ಜನ ನಾವು. ಆದರೆ ಗಾಡಿಗಳು ಕಡಿಮೆ, ಬದಲಾವಣೆ ನಿಧಾನ ಎಂಬ ಕಾರಣಕ್ಕೇ ಒಬ್ಬ ಪೇಂಟರ್ ತನ್ನ ಕಾಲದ ಎಲ್ಲ ಕಾರುಗಳ ಎಲ್ಲ ಒಳಬಣ್ಣಗಳನ್ನು ತಲೆಯಲ್ಲೇ ಇಟ್ಟುಕೊಳ್ಳಲು ಸಾಧ್ಯವಾಗಿತ್ತು. ಬೂದು ಎಂದರೆ ಯಾವ ಬೂದು, ಅದರಲ್ಲಿ ನೀಲಿ ಇದೆಯೋ ಹಸಿರಿದೆಯೋ, ಐದು ವರ್ಷಕ್ಕೆ ಎಲ್ಲಿಗೆ ಬರುತ್ತದೆ, ಇಪ್ಪತ್ತು ವರ್ಷಕ್ಕೆ ಎಲ್ಲಿಗೆ, ಎಲ್ಲ ಬಾಯಿಪಾಠ. ಇವತ್ತು ಯಾವ ಮೇಸ್ತ್ರಿಗೂ ಅದು ಆಗದ ಮಾತು. ಒಂದೇ ಕಾರಿಗೆ ನಾಲ್ಕಾರು ದರ್ಜೆ, ಎರಡು ಮೂರು ವರ್ಷಕ್ಕೆ ಹೊಸ ಮುಖ, ಹೊಸ ಪ್ಲಾಸ್ಟಿಕ್ಕು.

ಕೆಲಸ ಶುರುವಾಗುತ್ತಿದ್ದದ್ದು ಒರೆಸುವುದರಿಂದ. ಸಾಬೂನು ನೀರು, ಆಮೇಲೆ ಪೆಟ್ರೋಲ್ ಅದ್ದಿದ ಬಟ್ಟೆ. ಸೀಟಿನ ಒರಗಿನ ಮೇಲಂಚಿನಲ್ಲಿ ಕೊಬ್ಬರಿ ಎಣ್ಣೆ ಇಳಿದಿದ್ದರೆ ಭಾಯ್ ಮುಖ ಗಂಟಿಕ್ಕುತ್ತಿತ್ತು. ಎಣ್ಣೆ ಕುಡಿದ ರೆಕ್ಸಿನ್ನಿಗೆ ಬಣ್ಣ ಹತ್ತುವುದಿಲ್ಲ, ಹತ್ತಿದರೂ ಹೊಪ್ಪಳಿಕೆಯಾಗಿ ಎದ್ದು ಬರುತ್ತದೆ. ಇದಕ್ಕಿಂತ ದೊಡ್ಡ ಶತ್ರು ಆಮೇಲೆ ಬಂದ ಡ್ಯಾಶ್‌ಬೋರ್ಡ್ ಪಾಲಿಶ್. ಅದರೊಳಗಿನ ಸಿಲಿಕೋನ್ ಒಂದು ತೊಟ್ಟು ಉಳಿದರೂ ಸ್ಪ್ರೇ ಮಾಡಿದ ಬಣ್ಣ ಅಲ್ಲಿಂದ ಸರಿದು ದುಂಡಗೆ ಗುಳಿ ಬೀಳುತ್ತದೆ. ಪೇಂಟರುಗಳು ಅದಕ್ಕೆ ಮೀನುಕಣ್ಣು ಅನ್ನುತ್ತಾರೆ. “ಹೊಳೀಲಿ ಅಂತ ಎಲ್ಲಾ ಬಳಿತಾರೆ ಸಾರ್, ಒಳಗೆ ಕೂತೋರ ಮುಖ ಕಾಣ್ಬೇಕಾ ಡ್ಯಾಶ್‌ಬೋರ್ಡಲ್ಲಿ?” ಅಂತ ಬೈದುಕೊಂಡು ಮತ್ತೆ ಮತ್ತೆ ಒರೆಸುವುದು.

ಆಮೇಲೆ ಬಟ್ಟಲುಗಳು. ಬಿಳಿ, ಕಪ್ಪು, ನೀಲಿ, ಹಸಿರು, ಕಾವಿ ಕೆಂಪು, ಕಾವಿ ಹಳದಿ. ಇಷ್ಟರಲ್ಲೇ ಎಲ್ಲ ಬಣ್ಣವೂ ಹುಟ್ಟಬೇಕು. ಭಾಯ್ ಕೆಲಸ ಮಾಡುತ್ತಿದ್ದದ್ದು ಗ್ಯಾರೇಜಿನವರು ಎನ್‌ಸಿ ಎಂದೋ ಡ್ಯೂಕೊ ಎಂದೋ ಕರೆಯುವ ನೈಟ್ರೋಸೆಲ್ಯುಲೋಸ್ ಬಣ್ಣದಲ್ಲಿ. ಅಮೆರಿಕದ ಡ್ಯೂಪಾಂಟ್ ಕಂಪನಿ 1923ರಲ್ಲಿ ಡ್ಯೂಕೊ ಹೆಸರಿನಲ್ಲಿ ಅದನ್ನು ಹೊರತಂದ ಮೇಲೆ, ಒಣಗಲು ವಾರಗಟ್ಟಲೆ ಹಿಡಿಯುತ್ತಿದ್ದ ಕಾರು ಗಂಟೆಗಳಲ್ಲಿ ಒಣಗುವಂತಾಯಿತು. ಕಂಪನಿಯ ಹೆಸರು ಮರೆತುಹೋದರೂ ನಮ್ಮಲ್ಲಿ ಬಡಗಿಗಳು ಇಂದಿಗೂ ಬೀರುವಿಗೆ ಡ್ಯೂಕೊ ಹೊಡೆಯುತ್ತಾರೆ. ಆದರೆ ಅದು ತಗಡಿಗೆ ಹೇಳಿ ಮಾಡಿಸಿದ ಬಣ್ಣ, ಬಾಗಿದರೆ ಬಿರುಕು ಬಿಡುತ್ತದೆ. ಸೀಟಿನ ಮೇಲೆ ಮನುಷ್ಯ ಕೂರುತ್ತಾನೆ, ಏಳುತ್ತಾನೆ. ಅದಕ್ಕೆ ಭಾಯ್ ಬಟ್ಟಲಿಗೆ ಕೆಲವು ತೊಟ್ಟು ಹರಳೆಣ್ಣೆ ಬಿಡುತ್ತಿದ್ದರು. ಬಾಣಂತಿ ಮನೆಯ ಹರಳೆಣ್ಣೆ ಕಾರಿನ ಬಣ್ಣಕ್ಕೆ ಯಾಕೆ ಅಂತ ನನಗೆ ಆಗ ನಗು ಬರುತ್ತಿತ್ತು. ಇದು ಗಲ್ಲಿಯ ಉಪಾಯವೇನಲ್ಲ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಹಳೆಯ ಕಾಲದ ರೆಕ್ಸಿನ್ ಬಟ್ಟೆಯನ್ನೇ ನೈಟ್ರೋಸೆಲ್ಯುಲೋಸಿಗೆ ಹರಳೆಣ್ಣೆ ಬೆರೆಸಿ ಬಟ್ಟೆಯ ಮೇಲೆ ಬಳಿದು ಮಾಡುತ್ತಿದ್ದರಂತೆ. ಎಣ್ಣೆ ಬಣ್ಣವನ್ನು ಮೆತ್ತಗಿಡುತ್ತದೆ.

ಹಸಿಯಲ್ಲಿ ಕಾಣುವ ಬಣ್ಣ ಬೇರೆ, ಒಣಗಿದ ಮೇಲಿನದು ಬೇರೆ. ಹಾಗಾಗಿ ಬಟ್ಟಲಿನೊಳಗೆ ನೋಡಿ ತೀರ್ಮಾನಿಸುವಂತಿಲ್ಲ. ಭಾಯ್ ಕಡ್ಡಿಯಲ್ಲಿ ಒಂದು ತೊಟ್ಟು ಎತ್ತಿ ಕಿತ್ತ ರೆಕ್ಸಿನ್ ಚೂರಿನ ಮೇಲೆ ಎಳೆದು, ಊದಿ, ಒಣಗಿಸಿ, ಬಾಗಿಲಿನ ಮೇಲೆ ಹಿಡಿದು ನೋಡುತ್ತಿದ್ದರು. ತಲೆ ಅಡ್ಡಡ್ಡ ಅಲ್ಲಾಡುವುದು. ಮತ್ತೆ ಸೂಜಿಮೊನೆಯಷ್ಟು ಕಪ್ಪು. ಮತ್ತೆ ಎಳೆತ, ಮತ್ತೆ ಒಣಗುವಿಕೆ. ನೀಲಿ ರೆಕ್ಸಿನ್ ಹಳತಾದಂತೆ ಹಳದಿಗಟ್ಟುತ್ತದೆ, ಹಾಗಾಗಿ ಕೊಂಚ ಹಸಿರಿನ ಕಡೆ ವಾಲುತ್ತದೆ. ಅದಕ್ಕೆ ಕಾವಿ ಹಳದಿ ಬೇಕು, ಆದರೆ ಒಂದು ಕಡ್ಡಿ ಹೆಚ್ಚಾದರೆ ಕಥೆ ಮುಗಿಯಿತು, ಬಟ್ಟಲೇ ದಂಡ. ಕಾವಿಗಳು ಬಿಸಿಲಿಗೆ ಜಗ್ಗುವುದಿಲ್ಲ. ಹೊಳಪಿನ ಕೆಂಪುಗಳಲ್ಲಿ ಹಲವು ಬೇಗ ಸೋಲುತ್ತವೆ. ಕೆಂಪು ಸೋತ ಕಂದು ಬಣ್ಣ ಏನಾಗುತ್ತದೆ ಎಂದು ಊಹಿಸಿ ಅಲ್ಲಿಂದ ಹಿಂದಕ್ಕೆ ಬರಬೇಕು. ಕ್ಯಾಟಲಾಗು ಈ ಲೆಕ್ಕ ಹೇಳಿಕೊಡುವುದಿಲ್ಲ.

ಮಳೆಗಾಲದಲ್ಲಿ ಭಾಯ್ ಈ ಕೆಲಸ ಮುಟ್ಟುತ್ತಿರಲಿಲ್ಲ. ಥಿನ್ನರ್ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ತೇವ ಅದರ ಮೇಲೆ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ನಿಧಾನಕ್ಕೆ ಆರುವ ಥಿನ್ನರ್ ಬೆರೆಸಿ ತಪ್ಪಿಸಬಹುದು, ತುರ್ತಿದ್ದರೆ ಪಕ್ಕದಲ್ಲಿ ದೊಡ್ಡ ಬಲ್ಬು ಉರಿಸಿಟ್ಟು ಒಣಗಿಸುವುದೂ ಇತ್ತು. ಆದರೆ ಹೊಂದಿಸುವ ಕೆಲಸಕ್ಕೆ ಅದೆಲ್ಲ ಆಗುವುದಿಲ್ಲ ಎಂದು ಅವರ ಹಟ. ಆಷಾಢದಲ್ಲಿ ಕಾರು ತಂದವರಿಗೆ “ದಸರಾ ಆದ್ಮೇಲೆ ಬನ್ನಿ” ಎಂಬ ಉತ್ತರ.

ಒಂದು ಸಂಗತಿ ಮಾತ್ರ ನಾನು ಎಂದೂ ಮರೆಯಲಾರೆ. ನಮ್ಮ ಕಾರಿನ ಡ್ರೈವರ್ ಕಡೆಯ ಬಾಗಿಲಿನ ಪ್ಯಾಡನ್ನು ಪೂರ್ತಿ ಹೊಸ ರೆಕ್ಸಿನ್ನಿನಲ್ಲಿ ಹೊಲಿಸಬೇಕಾಗಿ ಬಂತು. ಸಿಕ್ಕ ರೆಕ್ಸಿನ್ ಹತ್ತಿರದ ನೀಲಿ, ಅಷ್ಟೆ. ಭಾಯ್ ಒಂದೇ ಬಾಗಿಲಿಗೆ ಮೂರು ಬಟ್ಟಲು ಬಣ್ಣ ಕಲೆಸಿದರು. ಗಾಜಿನ ಅಂಚಿನ ಕೆಳಗೆ, ಬಿಸಿಲು ನೇರ ಬೀಳುವ ಕಡೆ, ಅತಿ ತಿಳಿ. ನಡುವಿಗೆ ಅದಕ್ಕಿಂತ ಒಂದು ಛಾಯೆ ಗಾಢ. ಕಾಲಿನ ಬಳಿ, ಎಂದೂ ಬಿಸಿಲು ಕಾಣದ ಕಡೆ, ಹೆಚ್ಚುಕಡಿಮೆ ಕಂಪನಿ ಬಣ್ಣ. ಸ್ಪ್ರೇ ಗನ್ನನ್ನು ದೂರ ಹಿಡಿದು ಇಬ್ಬನಿಯಷ್ಟು ತೆಳ್ಳಗೆ ಒಂದರೊಳಗೊಂದು ಕರಗಿಸಿದರು. ದಪ್ಪ ಹೊಡೆದರೆ ರೆಕ್ಸಿನ್ನಿನ ಚರ್ಮದಂಥ ಗೆರೆಗಳು ತುಂಬಿಕೊಂಡು ಮೈ ನುಣ್ಣಗಾಗಿಬಿಡುತ್ತದೆ, ಆಗ ಬಣ್ಣ ಸರಿಯಿದ್ದರೂ ಕಣ್ಣು ಒಪ್ಪುವುದಿಲ್ಲ. ಕೊನೆಗೆ ಮೊಣಕೈ ಊರುವ ಜಾಗವನ್ನು ಒಣಬಟ್ಟೆಯಿಂದ ಉಜ್ಜಿ ಉಜ್ಜಿ ಸ್ವಲ್ಪ ಹೊಳಪು ತಂದರು. “ಸಾರ್ ಕೈ ಇಡೋ ಜಾಗ,” ಎಂದರು. ಹೊಸ ಬಾಗಿಲಿನಲ್ಲಿ ನಮ್ಮಪ್ಪನ ಹಳೆಯ ಮೊಣಕೈ ಸೇರಿಕೊಂಡಿತು. ಮನೆಗೆ ಬಂದ ಮೇಲೆ ಅಮ್ಮ ಕಾರೊಳಗೆ ಕೂತು ಸುತ್ತ ನೋಡಿ, ಯಾವ ಬಾಗಿಲು ರಿಪೇರಿ ಮಾಡಿಸಿದಿರಿ ಎಂದು ಕೇಳಿದರು.

ಅಮ್ಮನ ಕಣ್ಣು ಸಾಮಾನ್ಯದ್ದಲ್ಲ. ಚಿಕ್ಕಪೇಟೆಯ ಮ್ಯಾಚಿಂಗ್ ಸೆಂಟರಿನಲ್ಲಿ ಸೀರೆಗೆ ರವಿಕೆ ಬಟ್ಟೆ ಹುಡುಕುವಾಗ ಅಂಗಡಿಯವರು ಟ್ಯೂಬ್‌ಲೈಟಿನ ಕೆಳಗೆ ಎಷ್ಟೇ ಸರಿ ಅಂದರೂ ಎರಡನ್ನೂ ಎತ್ತಿಕೊಂಡು ಬೀದಿಗೆ ಬಂದು ಬಿಸಿಲಲ್ಲಿ ಹಿಡಿದು ನೋಡದೆ ಒಪ್ಪುತ್ತಿರಲಿಲ್ಲ. ಭಾಯ್ ಮಾಡುತ್ತಿದ್ದದ್ದೂ ಅದನ್ನೇ. ಒಂದು ಬೆಳಕಿನಲ್ಲಿ ಒಂದೇ ಆಗಿ ಕಾಣುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ, ಯಾಕೆಂದರೆ ಅವುಗಳೊಳಗಿನ ವರ್ಣದ್ರವ್ಯಗಳು ಬೇರೆ. ಬಣ್ಣದ ವಿಜ್ಞಾನದಲ್ಲಿ ಇದನ್ನು ಮೆಟಮೆರಿಸಂ ಅನ್ನುತ್ತಾರೆ. ಕಾರಿನೊಳಗೆ ಇದು ದೊಡ್ಡ ತಲೆನೋವು. ಅಲ್ಲಿ ತಗಡಿನ ಮೇಲಿನ ಬಣ್ಣ, ರೆಕ್ಸಿನ್, ಸ್ಟೀರಿಂಗಿನ ಪ್ಲಾಸ್ಟಿಕ್, ನೂಲು, ರಬ್ಬರ್ ಬೀಡಿಂಗ್ ಎಲ್ಲ ಬೇರೆ ಬೇರೆ ಸಾಮಾನು. ಎಲ್ಲವೂ ಒಂದೇ ನೀಲಿ ಎಂದು ಕಾಣಬೇಕು, ಮಧ್ಯಾಹ್ನದ ಬಿಸಿಲಲ್ಲೂ ಪೆಟ್ರೋಲ್ ಬಂಕಿನ ದೀಪದ ಕೆಳಗೂ. ಅದಕ್ಕೇ ಭಾಯ್ ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚಿದ ಮೇಲೆ ಒಮ್ಮೆ ನೋಡಿಯೇ ಗನ್ ಎತ್ತುತ್ತಿದ್ದದ್ದು.

ವಯಸ್ಸಾದಂತೆ ಮನುಷ್ಯನ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿಯಲ್ಲಿನ ಸಣ್ಣ ವ್ಯತ್ಯಾಸ ಕಾಣದಾಗುತ್ತದೆ. ಇದನ್ನು ಯಾವ ವೈದ್ಯರೂ ಹೇಳುವ ಮೊದಲೇ ಭಾಯ್ ಅರಿತಿದ್ದರು. ನನ್ನನ್ನು ಕರೆದು “ಪಾಪ, ಇಲ್ ಬಾ, ಇದಾ ಅದಾ ಹೇಳು” ಅಂತ ರೆಕ್ಸಿನ್ ಚೂರುಗಳನ್ನು ಮುಂದೆ ಹಿಡಿಯುತ್ತಿದ್ದರು. ನನಗದು ದೊಡ್ಡ ಗೌರವ. ಮುಂದೆ ಅವರಿಗೆ ಪೊರೆ ತೆಗೆದ ಮೇಲೆ ಅಪ್ಪನ ಜೊತೆ ನೋಡಲು ಹೋಗಿದ್ದೆ. ಆಪರೇಷನ್ ಆದ ಕಣ್ಣಿಗೆ ಲೋಕವೆಲ್ಲ ನೀಲಿಯಾಗಿ ಕಾಣುತ್ತಿದೆ ಎಂದು ಬೆರಗಾಗಿದ್ದರು. “ಎಷ್ಟು ಗಾಡಿಗೆ ನೀಲಿ ಹೆಚ್ಚುಕಮ್ಮಿ ಹಾಕ್ಬಿಟ್ಟಿದೀನೋ, ಅಲ್ಲಾನೇ ಬಲ್ಲ,” ಎಂದು ನಕ್ಕರು. ಒಂದು ಗಾಡಿಯವರೂ ವಾಪಸ್ ಬಂದು ಕೇಳಿರಲಿಲ್ಲ, ಅದು ಬೇರೆ ಮಾತು.

ಅದೇ ಬಿಸಿಲು ಎಲ್ಲ ಕಡೆ ಒಂದೇ ಕೆಲಸ ಮಾಡುವುದಿಲ್ಲ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಶುರುವಾಯಿತು. ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅದೇ. 1962ರ ಚುನಾವಣೆಯಿಂದ ನಾವು ಬೆರಳಿಗೆ ಹಚ್ಚಿಸಿಕೊಳ್ಳುವ ಅಳಿಸಲಾಗದ ಶಾಯಿ ಅಲ್ಲಿನದು. ಅದರೊಳಗಿನ ಸಿಲ್ವರ್ ನೈಟ್ರೇಟ್ ಬೆಳಕು ಬಿದ್ದಷ್ಟೂ ಕಪ್ಪಾಗುತ್ತದೆ. ಬೆರಳಿನ ಬಣ್ಣವನ್ನು ಗಟ್ಟಿ ಮಾಡುವ ಬೆಳಕೇ ಕಾರಿನ ಸೀಟನ್ನು ತಿನ್ನುತ್ತದೆ. ಇದು ವಿಷಯಾಂತರ, ಆದರೂ ಹೇಳದೆ ಇರಲಾಗಲಿಲ್ಲ.

ಬಿಸಿಲಿಗೆ ಸಿಕ್ಕದೆ ಉಳಿದ ಒಳಬಣ್ಣಗಳೂ ಇದ್ದವು. ಸರ್ಕಾರಿ ಅಂಬಾಸಿಡರುಗಳನ್ನು ನೆನಪಿಸಿಕೊಳ್ಳಿ. ಬಿಳಿ ಕಾರು, ಸೀಟಿಗೆ ಬಿಳಿ ಬಟ್ಟೆಯ ಗವಸು, ಸಾಹೇಬರ ಬೆನ್ನಿಗೆ ಬಿಳಿ ಟರ್ಕಿ ಟವೆಲು, ಕಿಟಕಿಗೆ ಪರದೆ. ಆ ಗವಸು ತೆಗೆದರೆ ಒಳಗಿನ ರೆಕ್ಸಿನ್ ಮುಟ್ಟದೆ ಇಟ್ಟ ಹಾಗೆ ಇರುತ್ತಿತ್ತು. ಇಲಾಖೆಗಳು ಹರಾಜು ಹಾಕಿದ ಅಂಬಾಸಿಡರುಗಳ ಸೀಟಿನ ಚೂರುಗಳನ್ನು ಭಾಯ್ ಕೇಳಿ ಇಸಿದುಕೊಂಡು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಕಂಪನಿ ಬಣ್ಣ ಕೇಳಿದವರಿಗೆ ಆ ಪೆಟ್ಟಿಗೆಯೇ ಕ್ಯಾಟಲಾಗು. ಈಗ ಆ ದಾರಿಯೂ ಮುಚ್ಚಿತು. ಹದಿನೈದು ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿ ಅವು ಗುಜರಿಗೆ ಹೋಗಬೇಕೆಂದು ನಿಯಮ ಬಂತು. ಅದೇ ವರ್ಷದ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿಗಳೂ ಇಳಿದವು. 2003ರಲ್ಲಿ ನೋಂದಣಿಯಾದ ಕೊನೆಯ ಗಾಡಿಗೆ ಇಪ್ಪತ್ತು ವರ್ಷದ ಗಡುವು ತುಂಬಿತ್ತು. ಪತ್ರಿಕೆಗಳೆಲ್ಲ ಹೊರಗಿನ ಕಪ್ಪು ಹಳದಿಯ ಬಗ್ಗೆ ಬರೆದವು. ನನಗೆ ನೆನಪಾದದ್ದು ಆ ಟ್ಯಾಕ್ಸಿಗಳ ಒಳಗಿನ ಮಾಡು. ಹೂಬಳ್ಳಿ ಅಚ್ಚಾದ ಪ್ಲಾಸ್ಟಿಕ್ ಹಾಳೆ, ಒಂದೊಂದು ಟ್ಯಾಕ್ಸಿಗೂ ಒಂದೊಂದು.

ಕಂಪ್ಯೂಟರ್ ಇದೆಯಲ್ಲ ಅನ್ನಬಹುದು. ಇದೆ. ಸ್ಪೆಕ್ಟ್ರೋಫೋಟೋಮೀಟರನ್ನು ಬಣ್ಣದ ಮೇಲಿಟ್ಟರೆ ಕ್ಷಣದಲ್ಲಿ ಅಂಕಿ ಬರುತ್ತದೆ, 1976ರಲ್ಲಿ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡ ಅಳತೆಯಲ್ಲಿ ಎರಡು ಬಣ್ಣಗಳ ಅಂತರವನ್ನು ದಶಾಂಶದಲ್ಲಿ ಹೇಳುತ್ತದೆ. ಹೊರಮೈ ಬಣ್ಣಕ್ಕೆ ಅದು ಒಳ್ಳೆಯದು, ಹೊಸ ಕಾರಿಗೆ ಇನ್ನೂ ಒಳ್ಳೆಯದು. ಕೋಡ್ ಹೇಳಿದರೆ ಡಬ್ಬಿ ಕೈಗೆ ಬರುತ್ತದೆ. ಆದರೆ ನಮ್ಮ ಹಳೆಯ ಕಾರುಗಳ ಒಳಬಣ್ಣಕ್ಕೆ ಅಂಗಡಿಯಲ್ಲಿ ಕೇಳಿದರೆ ಸಿಗುವಂಥ ಕೋಡ್ ಇಲ್ಲ. ಯಂತ್ರಕ್ಕೆ ಸಮತಟ್ಟಾದ ಮೈ ಬೇಕು, ನಮ್ಮದು ಗೆರೆ ಬಿದ್ದ ರೆಕ್ಸಿನ್. ಅದು ನಾಣ್ಯದಗಲದ ಒಂದು ಜಾಗವನ್ನು ಓದಿ ಒಂದು ಬಣ್ಣ ಕೊಡುತ್ತದೆ. ಬಾಗಿಲಿನಲ್ಲಿರುವುದು ಮೂರು. ಯಾವ ಜಾಗದಲ್ಲಿ ಓದಿಸಬೇಕು ಎಂಬ ತೀರ್ಮಾನ ಮನುಷ್ಯನದೇ, ಮತ್ತು ಆ ಮನುಷ್ಯ ಈಗ ಅಂಗಡಿಯಲ್ಲಿಲ್ಲ. ಮಾರುತಿ ಬಂದ ಮೇಲೆ ಬಣ್ಣ ಪ್ಲಾಸ್ಟಿಕ್ಕಿನ ಒಳಗೇ ಬೆರೆತು ಅಚ್ಚಿನಿಂದ ಹೊರಬಂತು. ಒಡೆದರೆ ಬದಲಿಸು, ಮುಗಿಯಿತು. ಹೊಂದಿಸುವ ಮಾತೇ ಏಳಲಿಲ್ಲ.

ಬಣ್ಣಗಳೇ ಕಾರಿನೊಳಗಿಂದ ಹೊರಟುಹೋದವು ಎಂಬುದು ಇನ್ನೊಂದು ಸಂಕಟ. ಕೆಂಪು ಸೀಟು, ನೀಲಿ ಸೀಟು, ಹಸಿರು ಡೋರ್ ಪ್ಯಾಡು ಕಂಡು ಬೆಳೆದವರು ನಾವು. ಈಗ ಕಪ್ಪು, ಇಲ್ಲವೇ ಬೂದು, ಇಲ್ಲವೇ ಬಿಸ್ಕತ್ ಬಣ್ಣ. ಒಂದೇ ಬಣ್ಣದ ಭಾಗ ಹತ್ತು ಗಾಡಿಗೆ ಹೊಂದಿದರೆ ಕಂಪನಿಗೆ ಉಳಿತಾಯ, ಮಾರುವಾಗ ಗಿರಾಕಿ ತಕರಾರು ಮಾಡುವುದಿಲ್ಲ ಎಂದು ಕೊಳ್ಳುವವರಿಗೆ ಸಮಾಧಾನ. ತಪ್ಪೇನಿಲ್ಲ. ಆದರೆ ಈ ಅಭ್ಯಾಸ ಹಳೆಯ ಕಾರುಗಳಿಗೂ ಅಂಟಿದೆ. ತಾತನ ಪದ್ಮಿನಿಯನ್ನು ಶೆಡ್ಡಿನಿಂದ ತೆಗೆದು ಪ್ರೀತಿಯಿಂದ ಲಕ್ಷಗಟ್ಟಲೆ ಸುರಿದು ರಿಪೇರಿ ಮಾಡಿಸುವ ಮೊಮ್ಮಕ್ಕಳಿದ್ದಾರೆ. ಎಂಜಿನ್ನಿಗೆ ಮೂಲ ಬೋಲ್ಟು ಬೇಕೆಂದು ಊರೂರು ಅಲೆಯುತ್ತಾರೆ. ಒಳಗೆ ನೋಡಿದರೆ ಕಪ್ಪು ಸೀಟ್ ಕವರ್, ಕೆಂಪು ನೂಲಿನ ವಜ್ರಾಕಾರದ ಹೊಲಿಗೆ, ಸ್ಟೀರಿಂಗಿಗೆ ಕಪ್ಪು ಗವಸು. ಅವರನ್ನು ಕೇಳಿದರೆ “ಹಳೇ ಬಣ್ಣ ಎಲ್ಲಿ ಸಿಗುತ್ತೆ ಅಂಕಲ್, ಇದೇ ನೀಟಾಗಿದೆ” ಎಂದು ಅಂಗಡಿಯವರು ಹೇಳಿದ್ದನ್ನೇ ಹೇಳುತ್ತಾರಂತೆ, ನನ್ನ ಸ್ನೇಹಿತರೊಬ್ಬರು ನೊಂದುಕೊಂಡರು.

ಇನ್ನು ಕೆಲವರು ಇದರ ವಿರುದ್ಧ ದಿಕ್ಕಿಗೆ ಹೋಗುತ್ತಾರೆ. ಎಲ್ಲ ಹೊಸದು, ಎಲ್ಲ ಕಂಪನಿ ಬಣ್ಣ, ಶೋರೂಮಿನಿಂದ ಇವತ್ತೇ ಇಳಿಸಿದ ಹಾಗೆ. ಪ್ರದರ್ಶನಕ್ಕೆ ಅದು ಚೆಂದವೇ. ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ದಲ್ಲಿ, ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಗಾಡಿಗಳ ಸಾಲು ನೋಡುವಾಗ ನಾನೂ ಬಾಯಿಬಿಟ್ಟು ನಿಂತಿದ್ದೇನೆ. ಆದರೆ ಮನೆಯಲ್ಲಿ ಓಡಿಸುವ, ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ ಕಾರಿಗೆ ಆ ಹೊಸತನ ಒಗ್ಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆ ಯೋಚಿಸುವವರು ಬೇರೆ ಕಡೆಯೂ ಇದ್ದಾರೆ. ಅಮೆರಿಕದ ಪೆಬಲ್ ಬೀಚ್ ಪ್ರದರ್ಶನದಲ್ಲಿ ಹೊಸದು ಮಾಡದೆ ಇದ್ದ ಹಾಗೆ ಉಳಿಸಿಕೊಂಡು ಬಂದ ಕಾರುಗಳಿಗೇ ಪ್ರತ್ಯೇಕ ವಿಭಾಗವಿದೆ. ನಮ್ಮಲ್ಲಿ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಬಂತು. ಐವತ್ತು ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. ಮೊದಮೊದಲ ಪದ್ಮಿನಿಗಳು ಈಗ ಆ ವಯಸ್ಸಿಗೆ ಬರುತ್ತಿವೆ. ಒಳಗಿನ ಬಣ್ಣದ ಮಾತು ಮೂಲದ ಆ ಲೆಕ್ಕದಲ್ಲಿ ಇಲ್ಲ.

ಭಾಯ್ ಕಾಲವನ್ನು ಹೊಗಳುವುದಕ್ಕೂ ಮಿತಿ ಇರಬೇಕು. ಮುಖಕ್ಕೆ ಒಂದು ಕರವಸ್ತ್ರ ಕಟ್ಟಿಕೊಂಡು ದಿನವಿಡೀ ಥಿನ್ನರ್ ಕುಡಿದ ಶ್ವಾಸಕೋಶ ಅವರದು. ಕೊನೆಯ ವರ್ಷಗಳಲ್ಲಿ ಕೆಮ್ಮು ಬಿಡಲೇ ಇಲ್ಲ. ಒಂದು ಬಾಗಿಲಿಗೆ ಎರಡು ದಿನ ಕೂತು ಕಲೆಸಿದರೂ ಕೂಲಿ ಸಿಗುತ್ತಿದ್ದದ್ದು ಸ್ಪ್ರೇ ಹೊಡೆದ ಹೊತ್ತಿಗೆ ಮಾತ್ರ. ನೋಡಿದ್ದಕ್ಕೆ, ಯೋಚಿಸಿದ್ದಕ್ಕೆ ಯಾರೂ ದುಡ್ಡು ಕೊಡಲಿಲ್ಲ. ಮಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಾಗ ಭಾಯ್ ಬೇಜಾರು ಮಾಡಿಕೊಳ್ಳಲಿಲ್ಲ, ಫ್ಯಾನ್ ಕೆಳಗೆ ಕೂತು ಮಾಡೋ ಕೆಲಸ ಎಂದು ಖುಷಿಪಟ್ಟರು. ನಾವೂ ಆ ಹುಡುಗನನ್ನು ದೂರುವಂತಿಲ್ಲ. ಅವರು ತೀರಿಕೊಂಡ ಮೇಲೆ ಆ ತಗಡಿನ ಪೆಟ್ಟಿಗೆ ಏನಾಯಿತು ಎಂದು ಕುಶನ್ ಅಂಗಡಿಯಲ್ಲಿ ಕೇಳಿದೆ. ಗೋಡೆಗೆ ಸುಣ್ಣ ಬಳಿಯುವಾಗ ಹಳೇ ಸಾಮಾನಿನ ಜೊತೆ ಗುಜರಿಗೆ ಹೋಯಿತಂತೆ.

ಇಂಥ ಕೆಲಸ ಬಲ್ಲವರು ಇನ್ನೂ ಒಬ್ಬಿಬ್ಬರು ಉಳಿದಿದ್ದಾರೆ. ಬೆಂಗಳೂರಿನ ಹಳೆಯ ಗಲ್ಲಿಗಳಲ್ಲಿ, ಮೈಸೂರು, ಹುಬ್ಬಳ್ಳಿಯಂಥ ಊರುಗಳ ಕುಶನ್ ಅಂಗಡಿಗಳಲ್ಲಿ ವಿಚಾರಿಸಿದರೆ ಗೊತ್ತಾದೀತು. ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದು ಒಳಗಿನ ಬಣ್ಣ ಇನ್ನೂ ಉಳಿದಿದ್ದರೆ, ಕಪ್ಪು ಕವರಿಗೆ ಅಳತೆ ಕೊ‌ಡುವ ಮೊದಲು ಅವರನ್ನು ಹುಡುಕಿ. ಹಗಲು ಹೊತ್ತು ಹೋಗಿ, ಮಳೆಗಾಲ ಬೇಡ. ಪಾಲಿಶ್ ಬಳಿದುಕೊಂಡು ಹೋಗಬೇಡಿ. ಕಂಪನಿ ಬಣ್ಣವೋ ನಿಮ್ಮ ಬಣ್ಣವೋ ಎಂದು ಕೇಳಿದರೆ ಎರಡು ನಿಮಿಷ ಯೋಚಿಸಿ ಉತ್ತರ ಕೊಡಿ. ಅವರು ಹೇಳಿದ ಕೂಲಿಗೆ ಚೌಕಾಸಿ ಮಾಡಬೇಡಿ, ಮತ್ತು ಪಕ್ಕದಲ್ಲಿ ನಿಂತು ನೋಡಲು ನಿಮ್ಮ ಮಗುವನ್ನೂ ಕರೆದುಕೊಂಡು ಹೋಗಿ.